ಕೆರೆ ಎಲ್ಲರದು, ಡಾಕ್ ಅವರದು

ಖಾಸಗಿ ಡಾಕ್ ಎಂದರೆ ದಡದಿಂದ ನೀರಿನೊಳಕ್ಕೆ ಚಾಚಿಕೊಂಡ, ಒಂದು ಮನೆಗೆ ಸೇರಿದ ಹಲಗೆಯ ಅಟ್ಟಣೆ. ಅದರ ಒಂದು ಮಗ್ಗುಲಿಗೆ ದೋಣಿ ಕಟ್ಟಿರುತ್ತದೆ, ತುದಿಯಲ್ಲಿ ಎರಡು ಕುರ್ಚಿ ಇರುತ್ತವೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇಂಥದ್ದು ಕಾಣಸಿಗದು. ಮಳೆ ಕೈಕೊಟ್ಟ ವರ್ಷ ಕೆರೆಯಂಗಳದಲ್ಲಿ ಕ್ರಿಕೆಟ್ ಆಡುವ ಸೀಮೆಯಲ್ಲಿ ದೋಣಿ ಕಟ್ಟಲು ಯಾರೂ ಗೂಟ ನೆಡುವುದಿಲ್ಲ. ಆದರೆ ಆ ಕಡೆಯ ಮಗನೋ ಮಗಳೋ ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಕೆಲಸ ಹಿಡಿದು, ಅದರ ಉತ್ತರಕ್ಕಿರುವ ಲೇನಿಯರ್ ಕೆರೆಯ ದಂಡೆಗೆ ಮನೆ ಮಾಡಿದ ದಿನದಿಂದ ಡಾಕಿನ ಮರ್ಯಾದೆ ಬಯಲುಸೀಮೆಯವರ ಮನೆಯ ವಿಷಯವೂ ಆಗುತ್ತದೆ. ಅಟ್ಲಾಂಟಾ ಕನ್ನಡಿಗರಿಗೆ ಹೊಸ ಊರಲ್ಲ. ಅಲ್ಲಿ ನೃಪತುಂಗ ಕನ್ನಡ ಕೂಟವಿದೆ. 2012ರಲ್ಲಿ ‘ಅಕ್ಕ’ ಸಂಘಟನೆಯ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಅಲ್ಲೇ.

ಲೇನಿಯರ್ ಹುಟ್ಟುಕೆರೆಯಲ್ಲ. 1950ರ ದಶಕದಲ್ಲಿ ಚಾಟಹೂಚಿ ನದಿಗೆ ಬ್ಯೂಫೋರ್ಡ್ ಅಣೆಕಟ್ಟು ಕಟ್ಟಿದ್ದರಿಂದ ನಿಂತ ನೀರು ಅದು. ವಿಸ್ತಾರ ಸುಮಾರು 38,000 ಎಕರೆ. ಹೆಸರು ಸಿಡ್ನಿ ಲೇನಿಯರ್ ಎಂಬ ಕವಿಯದು. ಕೆರೆಗೆ ಕವಿಯ ಹೆಸರಿಟ್ಟಿದ್ದಾರೆ ಎಂದರೆ ಊರಿನ ಹಿರಿಯರು ನಂಬುವುದು ಕಷ್ಟ. ಕಟ್ಟಿಸಿದ ಮಂತ್ರಿ ಯಾರು ಎಂದೇ ಕೇಳುತ್ತಾರೆ.

ಅಲ್ಲಿ ಮೊದಲು ತಿಳಿಯಬೇಕಾದದ್ದು ಯಾವುದು ಯಾರದು ಎಂಬುದು. ಊರ ಕೆರೆಯಲ್ಲಿ ನೀರು ಅಚ್ಚುಕಟ್ಟಿನವರದು, ಏರಿ ಎಲ್ಲರದು, ಮೀನು ಮಾತ್ರ ಗುತ್ತಿಗೆ ಹಿಡಿದವರದು. ಕದ್ದು ಗಾಳ ಹಾಕಿದ ಹುಡುಗರನ್ನು ಗುತ್ತಿಗೆದಾರನ ಕಾವಲಿನವನು ತೂಬಿನಿಂದ ಕೋಡಿಯವರೆಗೂ ಅಟ್ಟಿಸಿಕೊಂಡು ಬರುತ್ತಾನೆ. ಲೇನಿಯರಿನಲ್ಲಿ ಈ ಲೆಕ್ಕ ತಲೆಕೆಳಗು. ನೀರು ಎಲ್ಲರದು, ಮೀನು ಲೈಸೆನ್ಸ್ ಇರುವವರೆಲ್ಲರದು, ದಡ ಫೆಡರಲ್ ಸರ್ಕಾರದ್ದು; ಅದರ ಉಸ್ತುವಾರಿ ಅಮೆರಿಕದ ಸೇನೆಯ ಇಂಜಿನಿಯರುಗಳ ದಳಕ್ಕೆ. ಮನೆಯವರಿಗೆ ಉಳಿಯುವುದು ಹಲಗೆ ಮಾತ್ರ. ಅದಕ್ಕೂ ಐದು ವರ್ಷಕ್ಕೊಮ್ಮೆ ಪರ್ಮಿಟ್ ಬೇಕು, ಇಡೀ ಕೆರೆಗೆ 10,615 ಡಾಕ್ ಎಂಬ ಮಿತಿಯೂ ಉಂಟು. ಮನೆ ಮಾರಿದರೆ ಪರ್ಮಿಟ್ ತಾನಾಗಿ ಕೊಂಡವರ ಹೆಸರಿಗೆ ಹೋಗುವುದಿಲ್ಲ, ಅವರು ಹೊಸದಾಗಿ ಅರ್ಜಿ ಹಾಕಬೇಕು.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ದಡದ ಉದ್ದಕ್ಕೂ ಯಾರು ಬೇಕಾದರೂ ನಡೆದು ಹೋಗಬಹುದು. ಮನೆಯ ಹಿಂದೆ ಅಪರಿಚಿತರು ಓಡಾಡುತ್ತಿದ್ದಾರೆಂದು ಅತ್ತೆಯವರು ಕಿಟಕಿಯಿಂದ ಗದರಿಸುವಂತಿಲ್ಲ. ಎರಡು, ಆ ದಡದಲ್ಲಿ ಅವರು ಹೀರೇಬಳ್ಳಿ ಹಬ್ಬಿಸುವಂತೆಯೂ ಇಲ್ಲ. ನೀರಿನ ಪಕ್ಕದ ಹದವಾದ ಕೆಮ್ಮಣ್ಣನ್ನು ಖಾಲಿ ಬಿಟ್ಟಿರುವುದು ಪಾವಗಡದವರಿಗೆ ನುಂಗಲಾರದ ತುತ್ತು. ಆದರೂ ಅನುಮತಿ ಇಲ್ಲದೆ ಸರ್ಕಾರದ ನೆಲಕ್ಕೆ ಗುದ್ದಲಿ ಹಾಕುವುದು ತಪ್ಪೇ.

ಹಲಗೆಯ ಮೇಲೆ ಮಾತ್ರ ಕರೆಯದೆ ಕಾಲಿಡಬಾರದು. ಊರಿನ ಮನೆಯ ಜಗಲಿಯಲ್ಲಿ ದಾರಿಹೋಕರು ಕೇಳದೆ ಕೂರುತ್ತಾರೆ, ನೀರೂ ಕೇಳುತ್ತಾರೆ. ಡಾಕ್ ಜಗಲಿಯಲ್ಲ. ಬೇಸಿಗೆಗೆ ಬಂದ ಅಪ್ಪ ವಾಕಿಂಗಿಗೆಂದು ಹೊರಟು ಮೂರನೇ ಮನೆಯವರ ಡಾಕಿನ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿರುವುದು ಇಂಥ ಸಂಸಾರಗಳಲ್ಲಿ ಆಗುವಂಥದ್ದೇ. “ಅಪ್ಪಾ, ಏಳಿ ಮೊದ್ಲು, ಅದು ಬೇರೇರ್ದು” ಎಂದು ಮಗ ಓಡಿ ಬಂದರೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಕೂತ್ಕಂಡ್ರೆ ಕುರ್ಚಿ ಏನ್ ಸವೀತದೇನಪ್ಪಾ?” ಸವೆಯುವುದಿಲ್ಲ, ಆದರೆ ಅದು ಅತಿಕ್ರಮ ಪ್ರವೇಶ. ದೋಣಿಗೂ ಇದೇ ನಿಯಮ. ಇಂಜಿನ್ ಕೆಟ್ಟಾಗ, ಗಾಳಿಮಳೆ ಬಂದಾಗ ಬೇರೆಯವರ ಡಾಕಿಗೆ ಹಗ್ಗ ಸುತ್ತುವುದನ್ನು ಯಾರೂ ತಪ್ಪು ಎನ್ನುವುದಿಲ್ಲ. ಐದು ನಿಮಿಷ ಬಂದೆ ಎಂದು ಸುತ್ತಬಾರದು.

ಡಾಕನ್ನು ಸಮೀಪಿಸುವ ವೇಗವನ್ನು ಕಾನೂನೇ ಹೇಳಿದೆ. ಜಾರ್ಜಿಯಾದಲ್ಲಿ ಡಾಕ್, ಸೇತುವೆ, ಕಟ್ಟಿಹಾಕಿದ ದೋಣಿ, ಈಜುವವರು, ಇವುಗಳಿಂದ 100 ಅಡಿಯೊಳಗೆ ಬಂದರೆ ದೋಣಿ ತೆವಳಬೇಕು. ಕಾರಣ ಅಲೆ. ಜೋರಾಗಿ ಹೋದ ದೋಣಿ ದಾಟಿ ಹೋಗಿರುತ್ತದೆ, ಅದೆಬ್ಬಿಸಿದ ಅಲೆ ಆಮೇಲೆ ಬಂದು ಡಾಕಿಗೆ ಕಟ್ಟಿದ ದೋಣಿಯನ್ನು ಹಲಗೆಗೆ ಕುಟ್ಟುತ್ತದೆ, ಕುರ್ಚಿಯಲ್ಲಿ ಕೂತವರ ಕಾಫಿ ಮಡಿಲಿಗೆ ಚೆಲ್ಲುತ್ತದೆ. ತುಮಕೂರು ರಸ್ತೆಯಲ್ಲಿ ಕಾರು ಕಲಿತವರಿಗೆ ಹಾರ್ನ್ ಒತ್ತಿ ಮುಂದೆ ಹೋಗುವುದು ಅಭ್ಯಾಸ. ನೀರಿನ ಮೇಲೆ ಹಾರ್ನ್ ಒತ್ತಿದರೆ ಅಲೆ ಪಕ್ಕಕ್ಕೆ ಸರಿಯುವುದಿಲ್ಲ.

ದೋಣಿ ನಡೆಸುವವರು 1998ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಾದರೆ ಸುರಕ್ಷತಾ ಪಾಠ ಮುಗಿಸಿರಬೇಕು. ಹೀಗಾಗಿ ಮೊಮ್ಮಗ ಪರೀಕ್ಷೆ ಬರೆಯುತ್ತಾನೆ. ತೆಪ್ಪೋತ್ಸವ ಬಿಟ್ಟು ಬೇರೆ ದೋಣಿ ಕಾಣದ ತಾತನಿಗೆ ವಿನಾಯಿತಿ. ಆ ವಿನಾಯಿತಿಯನ್ನು ತಾತ ಬಳಸಿಕೊಳ್ಳದಿರುವುದೇ ಮರ್ಯಾದೆ. ಹದಿಮೂರು ತುಂಬದ ಮಕ್ಕಳು ಚಲಿಸುವ ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿರಲೇಬೇಕು. ಕರೆಂಟ್ ಎಳೆದಿರುವ ಡಾಕಿನ ಹತ್ತಿರ ಯಾವ ವಯಸ್ಸಿನವರೂ ಈಜಬಾರದು. ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೀನು ಹಿಡಿಯಲು ಹದಿನಾರು ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು. ಮಗನ ಡಾಕಿನ ಮೇಲೆ, ಮಗನ ಕುರ್ಚಿಯಲ್ಲಿ ಕೂತು ಗಾಳ ಇಳಿಬಿಟ್ಟ ಅಪ್ಪನಿಗೂ ಬೇಕು. ಮೀನಿಗೆ ಡಾಕ್ ಇಷ್ಟ: ಬಿಸಿಲಿನಲ್ಲಿ ನೆರಳು, ರಾತ್ರಿ ದೀಪಕ್ಕೆ ಮುತ್ತುವ ಹುಳ, ಆ ಹುಳಕ್ಕೆ ಬರುವ ಮರಿಮೀನು. ಬಾಸ್, ಕ್ರ್ಯಾಪಿ ಮೀನುಗಳು ಅಲ್ಲೇ ಸುಳಿಯುವುದರಿಂದ ದೋಣಿಯವರೂ ಅಲ್ಲೇ ಸುಳಿಯುತ್ತಾರೆ. ನೀರು ಸಾರ್ವಜನಿಕವಾದ್ದರಿಂದ ಡಾಕಿನ ಸುತ್ತ ಗಾಳ ಎಸೆಯಬಹುದು, ಮನೆಯವರು ಬೇಡ ಎನ್ನಲಾಗದು. ಆದರೆ ಹಲಗೆಯ ಮೇಲೆ ಜನ ಕೂತಿದ್ದರೆ, ಮಕ್ಕಳು ಆಡುತ್ತಿದ್ದರೆ ಆ ಡಾಕ್ ಬಿಟ್ಟು ಮುಂದಿನದಕ್ಕೆ ಹೋಗುವುದು ವಾಡಿಕೆ. ಕೊಕ್ಕೆ ಅವರ ಹಗ್ಗಕ್ಕೋ ದೋಣಿಯ ಹೊದಿಕೆಗೋ ಸಿಕ್ಕಿಕೊಂಡರೆ ಜಗ್ಗಬಾರದು, ಹತ್ತಿ ಬಿಡಿಸಿಕೊಳ್ಳಲೂಬಾರದು. ದೋಣಿಯಿಂದಲೇ ಬಿಡಿಸಲಾಗದಿದ್ದರೆ ದಾರ ಕತ್ತರಿಸಿ ಮನೆಯವರಿಗೆ ತಿಳಿಸಬೇಕು. ನೂರು ರೂಪಾಯಿಯ ಕೊಕ್ಕೆಯನ್ನು ಹಾಗೆ ಬಿಟ್ಟು ಬರುವುದು ಸಿರಾದ ಅಂಗಡಿ ಲೆಕ್ಕ ನೋಡಿ ಬೆಳೆದವರಿಗೆ ಸುಲಭವಲ್ಲ.

ರಾತ್ರಿ ಮಾತು ಮೆಲ್ಲಗಿರಬೇಕು. ನೀರಿನ ಮೇಲೆ ದನಿ ಬಲುದೂರ ಹೋಗುತ್ತದೆ. ಬೇಸಿಗೆಯಲ್ಲಿ ಅಟ್ಲಾಂಟಾದ ರಾತ್ರಿ ಒಂಬತ್ತು ಎಂದರೆ ಊರಿನಲ್ಲಿ ಬೆಳಗಿನ ಆರೂವರೆ. ಅಮ್ಮ ಎದ್ದು ಕಾಫಿಗಿಟ್ಟು ವಿಡಿಯೊ ಕಾಲ್ ಮಾಡುವ ಹೊತ್ತು. ಕೊರಟಗೆರೆಗೆ ಫೋನಿಲ್ಲದೆಯೂ ಕೇಳಿಸಬೇಕು ಎಂಬಂತೆ ಕೂಗಿದರೆ ಬೋರ್‌ವೆಲ್ ಎಷ್ಟು ಅಡಿಗೆ ಹೋಯಿತು, ಯಾರ ಮದುವೆ ಮುರಿಯಿತು ಎಂಬುದೆಲ್ಲ ಸುತ್ತಲಿನ ಡಾಕುಗಳಿಗೂ ತಲುಪುತ್ತದೆ. ಅವರಿಗೆ ಭಾಷೆ ಬಾರದಿದ್ದರೂ ನಿದ್ದೆ ಬರಬೇಕು.

ಕೆರೆಗೆ ಏನನ್ನೂ ಹಾಕಬಾರದು. ಹೇಮಾವತಿ ನೀರು ಬಂದು ಕೆರೆ ತುಂಬಿದರೆ ಸಿರಾದ ಕಡೆ ಬಾಗಿನ ಬಿಡುತ್ತಾರೆ. ಆ ಭಕ್ತಿಯಿಂದಲೇ ಲೇನಿಯರಿಗೆ ಮೊರ, ಬಳೆ, ಅರಿಶಿನದ ಕೊಂಬು ತೇಲಿಬಿಟ್ಟರೆ ಅದು ಕಸ ಎನಿಸಿಕೊಳ್ಳುತ್ತದೆ. ಗಣೇಶನನ್ನು ಮನೆಯ ಬಕೆಟ್ಟಿನಲ್ಲಿ ಕರಗಿಸುವುದೇ ಸರಿ. ಕಡ್ಲೆಕಾಯಿ ಸಿಪ್ಪೆಯೂ ನೀರಿಗೆ ಬೀಳಬಾರದು. ಕಡ್ಲೆಕಾಯಿ ಮಾತ್ರ ಅಲ್ಲಿ ಸಂಬಂಧ ಬೆಸೆಯುವ ವಸ್ತು. ಅಮೆರಿಕದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ಜಾರ್ಜಿಯಾ. ಉಪ್ಪು ಹಾಕಿ ಬೇಯಿಸಿ ರಸ್ತೆಬದಿಯಲ್ಲಿ ಮಾರುತ್ತಾರೆ, ಪಾವಗಡದಲ್ಲಿ ಬೇಯಿಸುವ ಹಾಗೆಯೇ. ಅಪ್ಪ ಕೇಳದೆ ಕೂತ ಕುರ್ಚಿಯವರ ಮನೆಗೆ ಒಂದು ಬಟ್ಟಲು ಬೆಂದ ಕಡ್ಲೆಕಾಯಿ ಕಳಿಸಿದರೆ ಮುಂದಿನ ಸಲ ಅವರೇ ಕರೆದು ಕೂರಿಸುತ್ತಾರೆ.

ಬರ ಬಂದಾಗಲೂ ನಿಯಮವಿದೆ. ಲೇನಿಯರಿನ ಡಾಕುಗಳು ಹೆಚ್ಚಾಗಿ ತೇಲುವಂಥವು. ನೀರಿಳಿದಂತೆ ಅವನ್ನು ಒಳಕ್ಕೆ ಜರುಗಿಸಬೇಕು, ಪಕ್ಕದವರ ದಾರಿಗೆ ಅಡ್ಡ ಬರಬಾರದು. 2007ರಲ್ಲಿ ಕೆರೆ ಸುಮಾರು ಇಪ್ಪತ್ತು ಅಡಿ ಇಳಿದು ಎಷ್ಟೋ ಡಾಕುಗಳು ಕೆಸರಿನ ಮೇಲೆ ಕೂತವು. ಆ ನವೆಂಬರಿನಲ್ಲಿ ಗವರ್ನರ್ ಸನ್ನಿ ಪರ್ಡ್ಯೂ ಶಾಸನಸಭೆಯ ಮೆಟ್ಟಿಲ ಮೇಲೆ ಮಳೆಗಾಗಿ ಪ್ರಾರ್ಥನೆ ನಡೆಸಿದರು. ಮಳೆರಾಯನನ್ನು ತಲೆಮೇಲೆ ಹೊತ್ತು ಬೀದಿ ಸುತ್ತಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಇದೇ ನೀರಿಗಾಗಿ ಜಾರ್ಜಿಯಾ, ಅಲಬಾಮಾ, ಫ್ಲಾರಿಡಾ ದಶಕಗಳ ಕಾಲ ಕೋರ್ಟು ಹತ್ತಿದ್ದವು ಎಂಬುದರಲ್ಲೂ ಕಾವೇರಿ ನಾಡಿನವರಿಗೆ ಹೊಸದೇನಿಲ್ಲ.

ಕೊನೆಯದು ಹಿಡಿದ ಮೀನಿನ ವಿಚಾರ. ಅಮೆರಿಕದಲ್ಲಿ ದೋಣಿ ಹೊರಡುವುದು ಶನಿವಾರ. ಪಾವಗಡದ ಶನಿಮಹಾತ್ಮನಿಗೆ ನಡೆದುಕೊಳ್ಳುವ ಮನೆಯಲ್ಲಿ ಅಂದು ಮೀನು ಒಲೆಯ ಹತ್ತಿರವೂ ಬರುವುದಿಲ್ಲ. ಹಿಡಿದ ಮೀನನ್ನು ಫೋಟೊ ತೆಗೆದು ನೀರಿಗೇ ಬಿಡುವ ಅಲ್ಲಿನ ಪದ್ಧತಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಬಿಡುವಾಗ ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು, ಇಲ್ಲದಿದ್ದರೆ ಮೀನಿನ ಮೈಲೋಳೆ ಹೋಗುತ್ತದೆ. ಭಾನುವಾರ ಸಿಕ್ಕಿದ್ದನ್ನು ಮಿತಿಯೊಳಗಿದ್ದರೆ ಸಾರಿಗೆ ಇಟ್ಟುಕೊಳ್ಳಬಹುದು. ಮುದ್ದೆಗೆ ರಾಗಿಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಮೀನು ಹೆರೆಯುವುದು ಸ್ವಂತ ಡಾಕಿನ ಮೇಲಾದರೂ ಪೊರೆ, ಕರುಳುಗಳನ್ನು ಪಕ್ಕದವರ ಕಡೆ ತೇಲಿಬಿಡದೆ ಚೀಲಕ್ಕೆ ಹಾಕಿ ಮನೆಗೆ ಒಯ್ಯಬೇಕು.