ಕೋರಂ ಕಾಕಾ

ಬ್ರಹ್ಮಪುರದ ನಮ್ಮ ಓಣಿಯಲ್ಲಿ ಸಭೆ ಕರೆಯುವುದು ಸುಲಭ, ಮುಗಿಸುವುದು ಕಷ್ಟ. ಕಾರಣ ಕೋರಂ ಕಾಕಾ. ಇಂಥವರು ಊರಿಗೊಬ್ಬರು, ಸಂಘಕ್ಕೊಬ್ಬರು ಇದ್ದೇ ಇರುತ್ತಾರೆ. ನಿವೃತ್ತ ನೌಕರ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಬೈಲಾ ಪುಸ್ತಕ. ಮದುವೆಗೆ ತಡವಾಗಿ ಬಂದಾರು, ಸಭೆಗೆ ಮಾತ್ರ ಜಮಖಾನೆ ಹಾಸುವ ಮೊದಲೇ ಹಾಜರು. ಮುಂದಿನ ಸಾಲಿನ ತುದಿಯ ಕುರ್ಚಿಯೇ ಬೇಕು. ಎದ್ದು ನಿಲ್ಲಲಿಕ್ಕೆ ಸಲೀಸು.

ಒಂದು ಏಪ್ರಿಲ್‌ನಲ್ಲಿ ಓಣಿಯ ಬೋರ್‌ವೆಲ್ ಮೋಟಾರು ಸುಟ್ಟಿತು. ಕಲಬುರಗಿಯ ಏಪ್ರಿಲ್ ಗೊತ್ತಲ್ಲ, ಹೊತ್ತು ಮುಳುಗಿದರೂ ಗೋಡೆ ಮುಟ್ಟುವಂತಿಲ್ಲ. ಮೋಟಾರು ವೈಂಡಿಂಗ್ ಮಾಡಿಸುವುದೊಂದೇ ವಿಷಯ. ಕಾರ್ಯದರ್ಶಿ ಎಂಬ ಸಂಬಳವಿಲ್ಲದ ಪ್ರಾಣಿ ನಾನೇ. ಬಾಯಿ ತೆರೆದೆನೋ ಇಲ್ಲವೋ, ಕಾಕಾ ಎದ್ದರು.

“ಅಧ್ಯಕ್ಷರೇ, ಕ್ರಿಯಾಲೋಪ! ಕೋರಂ ಎಲ್ಲಿ ಅದ್ರಿ?”

ಎಣಿಸಿದರೆ ಒಬ್ಬರು ಕಡಿಮೆ.

“ಕಾಕಾ, ಮನ್ಯಾಗ ಹನಿ ನೀರಿಲ್ರೀ.”

“ನೀರಿಲ್ಲ ಅನ್ನೋದು ವಿಷಯ. ವಿಷಯಕ್ಕ ಆಮ್ಯಾಗ ಬರೋಣ. ವಿಧಾನಸಭಾಕ್ಕೇ ಹತ್ತರಾಗ ಒಂದು ಪಾಲು ಮಂದಿ ಇರಬೇಕಂತ ಸಂವಿಧಾನದ 189ನೇ ಕಲಂ ಹೇಳ್ತದ. ನಮ್ಮ ಓಣಿ ಅದಕ್ಕಿಂತ ದೊಡ್ಡದೇನ್ರಿ?”

ನಮ್ಮ ಬೈಲಾದಲ್ಲೊಂದು ಕಿಂಡಿ ಇದೆ. ಕೋರಂ ಇಲ್ಲದಿದ್ದರೆ ಸಭೆ ಅರ್ಧ ತಾಸು ಮುಂದಕ್ಕೆ. ಆಮೇಲೆ ಅದೇ ಜಾಗದಲ್ಲಿ ಸೇರಿದರೆ ಕೋರಂ ಬೇಕಿಲ್ಲ. ಹಾಗಾಗಿ ಅದೇ ಮಂದಿ, ಅದೇ ಕುರ್ಚಿಯಲ್ಲಿ, ಅರ್ಧ ತಾಸು ಕೂತೆವು. ಯಾರೋ “ಮೋಟಾರಿಗೆ ಎಷ್ಟಾಗಬಹುದು” ಅಂದರೆ ಕಾಕಾ ಬೆರಳೆತ್ತಿದರು: “ಈಗ ಮೋಟಾರ್ ಸುದ್ದಿ ತೆಗದ್ರ ಅದು ಸಭಾ ಆಗ್ತದ!” ಬಿಸಿಲಿನ ಸುದ್ದಿ ಮಾತಾಡಿದೆವು. ಸುಸಲಾ, ಮಿರ್ಚಿ ಭಜಿ ಬಂತು. ಗಡಿಯಾರ ನೋಡಿ ಕಾಕಾ ತಲೆಯಾಡಿಸಿದ ಮೇಲೆ ಹಿಂದಿನ ಸಭೆಯ ನಡಾವಳಿ ಓದಿದೆ. ಗಣಪತಿ ಪೆಂಡಾಲಿನ ಠರಾವಿಗೆ ‘ಸರ್ವಾನುಮತದಿಂದ’ ಎಂದು ಬರೆದಿದ್ದೆ. ಕಾಕಾ ಅಂದು ವಿರೋಧಿಸಿದ್ದರಂತೆ. ತಿದ್ದಿದ್ದಾಯಿತು. ಕೊನೆಗೆ ಮೋಟಾರು. ಎಲ್ಲರೂ ಕೈ ಎತ್ತಿದರೆ, “ಸೂಚಕರು ಒಬ್ಬರು, ಅನುಮೋದಕರು ಇನ್ನೊಬ್ಬರು. ಜಾತ್ರಿ ಏನ್ರಿ ಇದು?” ಅಷ್ಟರಲ್ಲಿ ವೈಂಡಿಂಗ್ ಅಂಗಡಿಯವನು ಶಟರ್ ಎಳೆದು ಮನೆ ಸೇರಿದ್ದ.

ಕಾಕಾನ ಆರಾಧ್ಯ ಪುರುಷ ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೈನ್ಯದ ಎಂಜಿನಿಯರ್. 1863ರಲ್ಲಿ ಚರ್ಚಿನ ಸಭೆಯೊಂದಕ್ಕೆ ಅವನನ್ನು ಅಧ್ಯಕ್ಷನನ್ನಾಗಿ ಕೂರಿಸಿದರು, ಸಭೆ ಗದ್ದಲವಾಯಿತು. ಆ ಅವಮಾನ ನುಂಗಲಾರದೆ 1876ರಲ್ಲಿ ಸಭಾ ನಿಯಮಗಳ ಪುಸ್ತಕವನ್ನೇ ಬರೆದ. ನಮ್ಮ ಗದ್ದಲಕ್ಕೆ ಕಾಕಾ ಪುಸ್ತಕ ಬರೆಯಲಿಲ್ಲವಲ್ಲ, ಶರಣಬಸವೇಶ್ವರರ ಕೃಪೆ. ಇನ್ನು ಬಸವಕಲ್ಯಾಣದ ಅನುಭವ ಮಂಟಪದ ಮಾತು ತೆಗೆದರೆ ಕಾಕಾ ಕರಗುತ್ತಾರೆ: “ಅಲ್ಲಮಪ್ರಭುಗಳು ಅಧ್ಯಕ್ಷರು. ಒಬ್ಬರು ಮಾತಾಡ್ವಾಗ ಉಳದವ್ರು ಕೇಳ್ತಿದ್ರು. ನೀವ್ಯಾಕ ಕೇಳಂಗಿಲ್ಲ?” ಮನೆಯಲ್ಲಿ ಮಾತ್ರ ಕಾಕಾಗೆ ಒಂದು ವೋಟೂ ಇಲ್ಲವೆಂದು ಕಾಕು ಹೇಳುತ್ತಾರೆ.

ಸಿಟ್ಟು ಬರುತ್ತದೆ, ನಿಜ. ಆದರೆ ಅದೇ ಮೋಟಾರು ಸಭೆಯಲ್ಲಿ, ಗಟ್ಟಿ ಗಂಟಲಿನ ಗುತ್ತಿಗೆದಾರರೊಬ್ಬರು ಹೊಸ ಮೋಟಾರೇ ಕೊಳ್ಳಿರೆಂದು ಅಬ್ಬರಿಸುತ್ತಿದ್ದಾಗ ಕಾಕಾ ಹಿಂದಿನ ಸಾಲಿಗೆ ಕೈ ತೋರಿಸಿದರು: “ಆ ತಾಯಿ ಆಗಿಂದ ಕೈ ಎತ್ಯಾರ. ಮೊದಲು ಅವರು.” ಮೂಲೆ ಮನೆಯ ಆ ಹೆಣ್ಣುಮಗಳು ಸಭೆಯಲ್ಲಿ ಮಾತಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ತಗ್ಗಿನ ಮನೆಗಳಿಗೆ ಮೊದಲು ನೀರು ಬಿಟ್ಟು ಎತ್ತರದ ಮನೆಗಳನ್ನು ಒಣಗಿಸುವ ವಾಲ್ವಿನ ಸಂಗತಿ ಹೊರಬಿದ್ದದ್ದು ಅವರ ಬಾಯಿಂದಲೇ.

ಈ ವರ್ಷ ಕಾಕಾ ಪುಣೆಯಲ್ಲಿರುವ ಮಗನ ಮನೆಗೆ ಹೋಗಿದ್ದಾರೆ. ವಾರ್ಷಿಕ ಸಭೆ ಚಹಾ ಆರುವ ಮೊದಲೇ ಮುಗಿಯಿತು. ಜಮಾ–ಖರ್ಚು ಯಾರೂ ಓದಲಿಲ್ಲ, ಚಪ್ಪಾಳೆ ತಟ್ಟಿ ಒಪ್ಪಿದೆವು. ಎಂಥ ಹಗುರ! ರಾತ್ರಿ ಕಾಕಾನ ಫೋನು: “ಕೋರಂ ಇತ್ತೇನ್ರಿ?” ನಡಾವಳಿಯನ್ನೂ ಲೆಕ್ಕದ ಹಾಳೆಗಳನ್ನೂ ವಾಟ್ಸಾಪಿನಲ್ಲಿ ಕಳಿಸಿದೆ. ಮರುದಿನ ಮುಂಜಾನೆ ಕೆಂಪು ಗೆರೆ ಹೊತ್ತು ವಾಪಸು ಬಂದವು. ಸಭೆ ಮುಗಿದ ವೇಳೆ ಬರೆದಿಲ್ಲ. ಅನುಮೋದಕರ ಹೆಸರಿಲ್ಲ. ಕೆಳಗೆ: “ಲೆಕ್ಕದ ಮೂರನೇ ಪುಟ ಯಾಕ ಕಳಿಸಿಲ್ರಿ?”

ಫೈಲು ತೆರೆದು ನೋಡಿದೆ. ಎರಡಾದ ಮೇಲೆ ನಾಲ್ಕು. ಖಜಾಂಚಿಗೆ ಫೋನು ಹಚ್ಚಿದೆ.