ಶಬ್ದಾಭಾವ ನಿರ್ಣಯ

ಸ್ಕ್ರೀನ್ ರೆಕಾರ್ಡಿಂಗನ್ನು ಎಡಿಟಿಂಗ್ ತಂತ್ರಾಂಶಕ್ಕೆ ಇಂಪೋರ್ಟ್ ಮಾಡಿದಾಗ ಚಿತ್ರ ಬಂದು ಧ್ವನಿ ಬಾರದಿರುವುದೇ ಶಬ್ದಾಭಾವ. ಲಕ್ಷಣ: ಟೈಮ್‌ಲೈನಿನಲ್ಲಿ ವೇವ್‌ಫಾರ್ಮ್ ಇರಬೇಕಾದ ಜಾಗದಲ್ಲಿ ಸಪಾಟಾದ ಗೆರೆ, ಪ್ರಕರಣ ಉಲ್ಬಣಿಸಿದ್ದರೆ ಆ ಗೆರೆಯೂ ಇಲ್ಲ. ಪೀಡಿತರು ಮೊದಲು ಸ್ಪೀಕರಿನ ವಯರು ಅಲ್ಲಾಡಿಸುತ್ತಾರೆ, ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಾರೆ, ಕೊನೆಗೆ ನೆಂಟರ ಪೈಕಿ ಬಿ.ಇ. ಓದಿದ ಹುಡುಗನಿಗೆ ಫೋನ್ ಹಚ್ಚುತ್ತಾರೆ. ಈ ಮೂರಕ್ಕೂ ಶಾಸ್ತ್ರದ ಒಪ್ಪಿಗೆಯಿಲ್ಲ.

ಗೆರೆ ನೋಡಿದೊಡನೆ ಧ್ವನಿ ಇಲ್ಲವೆಂಬ ಅರಿವು ಹುಟ್ಟಿತಲ್ಲ, ಅದು ಯಾವ ಪ್ರಮಾಣದಿಂದ, ಅಂದರೆ ಅರಿವಿನ ಯಾವ ಸಾಧನದಿಂದ? ಪ್ರತ್ಯಕ್ಷದಿಂದಲೇ ಎಂದು ನೈಯಾಯಿಕರು. ಇಲ್ಲದ್ದನ್ನು ತಿಳಿಯಲು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವೇ ಬೇಕೆಂದು ಮೀಮಾಂಸಕ ಕುಮಾರಿಲ ಭಟ್ಟ. ಅಭಾವವೆಂಬ ಬೇರೆ ವಸ್ತುವೇ ಇಲ್ಲ, ಇರುವುದು ಬರಿದಾದ ನೆಲೆ ಮಾತ್ರ ಎಂದು ಪ್ರಭಾಕರ. ನಾಳೆ ಬೆಳಗ್ಗೆಯೊಳಗೆ ವಿಡಿಯೋ ಕಳಿಸಬೇಕಾದವರಿಗೆ ಪ್ರಭಾಕರನಿಂದ ಉಪಯೋಗ ಕಡಿಮೆ.

ಕೈಹಿಡಿಯುವುದು ನವ್ಯನ್ಯಾಯದ ಹಠ. ಅಲ್ಲಿ ಸುಮ್ಮನೆ ‘ಇಲ್ಲ’ ಎನ್ನುವಂತಿಲ್ಲ. ಯಾವುದು ಇಲ್ಲ, ಎಲ್ಲಿ ಇಲ್ಲ, ಎರಡನ್ನೂ ಹೇಳಬೇಕು. ಮೊದಲನೆಯದು ಪ್ರತಿಯೋಗಿ, ಎರಡನೆಯದು ಅಧಿಕರಣ. ‘ಸೌಂಡ್ ಬರ್ತಿಲ್ಲ ಸಾರ್’ ಎಂಬ ವಾಕ್ಯದಲ್ಲಿ ಎರಡೂ ಇಲ್ಲವಾದ್ದರಿಂದ ಅದು ವಾಕ್ಯವಲ್ಲ, ಆರ್ತನಾದ. ಕಾಣೆಯಾದದ್ದು ಮೈಕಿನ ಮಾತೋ, ಕಂಪ್ಯೂಟರಿನೊಳಗಿನ ಸದ್ದೋ? ಫೈಲಿನಲ್ಲೇ ಇಲ್ಲವೋ, ಟೈಮ್‌ಲೈನಿನಲ್ಲಿ ಇಲ್ಲವೋ, ಕಿವಿಗೆ ಮಾತ್ರ ಇಲ್ಲವೋ? ಇಷ್ಟು ಕೇಳಿದರೆ ಅರ್ಧ ಮಂದಿ ತಾವೇ ಉತ್ತರ ಕಂಡುಕೊಂಡು ಫೋನ್ ಇಟ್ಟುಬಿಡುತ್ತಾರೆ.

ಇನ್ನು ಪ್ರಭೇದಗಳು. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ಐಫೋನಿನಲ್ಲಿ 2017ರ ಐಓಎಸ್ 11ರಿಂದ ಸ್ಕ್ರೀನ್ ರೆಕಾರ್ಡಿಂಗ್ ಇದೆ. ಆದರೆ ರೆಕಾರ್ಡಿಂಗ್ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಮೈಕಿನ ಗುಂಡಿ ಕಾಣುತ್ತದೆ. ಸುಮ್ಮನೆ ತಟ್ಟಿ ಪಾಠ ಶುರುಮಾಡಿದ ಮೇಷ್ಟ್ರ ಧ್ವನಿ ಹುಟ್ಟುವುದಕ್ಕೆ ಮುಂಚಿನ ಸ್ಥಿತಿಯಲ್ಲೇ ಉಳಿಯಿತು. ಅಂತ್ಯವೇ ಬಾರದ ಮೇಲೆ ಅದು ಪ್ರಾಗಭಾವ ಹೇಗಾದೀತು, ಎಂದೂ ಇಲ್ಲದಿರುವ ಅತ್ಯಂತಾಭಾವವೇ ಸರಿ ಎಂಬ ಆಕ್ಷೇಪವುಂಟು. ಆಕ್ಷೇಪ ಬಲವಾದದ್ದು, ಮೇಷ್ಟ್ರು ಮಾತ್ರ ಪಾಠ ಮತ್ತೆ ಮಾಡಬೇಕು. ನಿರ್ವಿವಾದವಾದ ಅತ್ಯಂತಾಭಾವಕ್ಕೆ ಮ್ಯಾಕಿನ ಕ್ವಿಕ್‌ಟೈಮ್ ನೋಡಿ: ವರ್ಷಗಟ್ಟಲೆ ಅದು ಮೈಕನ್ನು ಮಾತ್ರ ಕೇಳಿಸಿಕೊಂಡಿತು. ಯಂತ್ರದೊಳಗಿನ ಸದ್ದು ಬೇಕಾದವರು ಬ್ಲ್ಯಾಕ್‌ಹೋಲ್‌ನಂಥ ಮಾಯಾ ಸಾಧನವನ್ನು ನಡುವೆ ಕೂರಿಸಬೇಕಾಯಿತು. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಜಾಗ ಸಾಲದೆಂದು ಮೂಲ ಫೈಲನ್ನು ಅಳಿಸಿದವರೊಡನೆ ಶಾಸ್ತ್ರ ಮಾತಾಡುವುದಿಲ್ಲ.

ಉಳಿದದ್ದು ಅನ್ಯೋನ್ಯಾಭಾವ, ಅಂದರೆ ಇದು ಅದಲ್ಲ. ಪೀಡಿತರ ಕಣ್ಣೀರು ಹೆಚ್ಚಾಗಿ ಹರಿಯುವುದು ಇಲ್ಲಿಯೇ.

ಪೂರ್ವಪಕ್ಷ: ‘ವಿಎಲ್‌ಸಿಯಲ್ಲಿ ಚೆನ್ನಾಗಿ ಕೇಳುತ್ತದೆ, ಆದ್ದರಿಂದ ಫೈಲ್ ಸರಿಯಿದೆ, ತಂತ್ರಾಂಶವೇ ಕೆಟ್ಟಿದೆ.’ ಅಲ್ಲ. ವಿಎಲ್‌ಸಿ ಎಂಬುದು ಬಂದವರಿಗೆಲ್ಲ ಎಲೆ ಹಾಕುವ ಛತ್ರ. ಎಡಿಟಿಂಗ್ ತಂತ್ರಾಂಶ ಮಡಿಯವರ ಅಡುಗೆಮನೆ, ಗೋತ್ರ ಕೇಳದೆ ಒಳಗೆ ಬಿಡುವುದಿಲ್ಲ. ಎಂಪಿ4, ಎಂಕೆವಿ, ಎಂಓವಿಗಳು ಬರೀ ಪೆಟ್ಟಿಗೆಗಳು. ಒಳಗಿನ ಧ್ವನಿ ಎಎಸಿಯೋ ಓಪಸ್ಸೋ ಪಿಸಿಎಮ್ಮೋ ಎಂಬುದು ಗೋತ್ರ. ಹೊಗೆಯಿದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿ ಉಂಟು. ಎಂಪಿ4 ಇದ್ದಲ್ಲಿ ಎಎಸಿ ಎಂಬ ವ್ಯಾಪ್ತಿ ಇಲ್ಲ. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಂಡ ಆವೃತ್ತಿಯೂ ಬಹುಕಾಲ ಎಎಸಿಯನ್ನು ಹೊರಗೇ ನಿಲ್ಲಿಸಿತ್ತು: ಚಿತ್ರ ಹೊಳೆಯುತ್ತಿತ್ತು, ಧ್ವನಿ ಮೌನವ್ರತ.

ಇಲ್ಲಿ ‘ರೀಮಕ್ಸ್ ಮಾಡಿ’ ಎನ್ನುವ ಅರೆವೈದ್ಯರು ಸಿಗುತ್ತಾರೆ. ರೆಕಾರ್ಡಿಂಗ್ ತಂತ್ರಾಂಶವಾದ ಓಬಿಎಸ್‌ನ ಫೈಲ್ ಮೆನುವಿನಲ್ಲಿ ಆ ಸೌಲಭ್ಯ ಇದೆ, ಎಂಕೆವಿ ಪೆಟ್ಟಿಗೆಯೇ ಬೇಡವೆನ್ನುವ ತಂತ್ರಾಂಶಕ್ಕೆ ಸಾಕು ಕೂಡ. ಆದರೆ ರೀಮಕ್ಸ್ ಬದಲಿಸುವುದು ಪೆಟ್ಟಿಗೆಯನ್ನು. ಗೋತ್ರ ಹಾಗೇ ಉಳಿಯುತ್ತದೆ. ಸಿದ್ಧಾಂತ ಇದು: ಮೀಡಿಯಾಇನ್ಫೋದಲ್ಲಿ ಧ್ವನಿಯ ಜಾತಕ ನೋಡಿ, ಎಫ್‌ಎಫ್‌ಎಂಪೆಗ್‌ಗೆ ಚಿತ್ರವನ್ನು ಮುಟ್ಟದೆ ಧ್ವನಿಯನ್ನಷ್ಟೇ ಪಿಸಿಎಂ ಮಾಡಿ ಎಂಓವಿಗೆ ತುಂಬಲು ಹೇಳಿ. 48,000 ಹರ್ಟ್ಸ್, 16 ಬಿಟ್, ಎರಡು ಚಾನೆಲ್ ಎಂದರೆ ನಿಮಿಷಕ್ಕೆ ಸುಮಾರು 11.5 ಮೆಗಾಬೈಟ್. ಶುದ್ಧಿಗೆ ಇಷ್ಟಾದರೂ ದಕ್ಷಿಣೆ ಬೇಡವೆ?

ಗೋತ್ರ ಸರಿಯಿದ್ದೂ ಧ್ವನಿ ತಪ್ಪುವುದುಂಟು. ಓಬಿಎಸ್ ಒಂದೇ ಫೈಲಿನಲ್ಲಿ ಆರು ಆಡಿಯೋ ಟ್ರ್ಯಾಕ್‌ವರೆಗೆ ಬರೆಯಬಲ್ಲದು. ಮೈಕನ್ನು ಎರಡನೆಯ ಟ್ರ್ಯಾಕಿಗೆ ಮಾತ್ರ ಹಾಕಿ, ಮೊದಲನೆಯದನ್ನಷ್ಟೇ ಓದುವ ಆ್ಯಪಿಗೆ ಕೊಟ್ಟರೆ, ಧ್ವನಿ ಫೈಲಿನಲ್ಲಿದ್ದೂ ಇಲ್ಲ. ಪ್ರೀಮಿಯರ್‌ನಲ್ಲಿ ಎಡಬದಿಯ ಎ1 ಗುಂಡಿ ಆರಿದ್ದರೆ ಕ್ಲಿಪ್ಪಿನ ಚಿತ್ರವಷ್ಟೇ ಟೈಮ್‌ಲೈನಿಗೆ ಇಳಿಯುತ್ತದೆ. ಟ್ರ್ಯಾಕ್ ಮ್ಯೂಟ್ ಆಗಿರುವುದು, ಧ್ವನಿ ಪಕ್ಕದ ಕೋಣೆಯ ಬ್ಲೂಟೂತ್ ಸ್ಪೀಕರಿಗೆ ಹೋಗಿರುವುದು ಇವೆಲ್ಲ ಕೆಲವರಷ್ಟೇ ಒಪ್ಪುವ ಸಾಮಯಿಕಾಭಾವದಲ್ಲಿ, ಅಂದರೆ ಸದ್ಯಕ್ಕಷ್ಟೇ ಇಲ್ಲದಿರುವಿಕೆಯಲ್ಲಿ, ಸೇರುತ್ತವೆ. ಆ ಕೋಣೆಯಿಂದ ಮನೆಯವರು ಬಂದು ‘ಯಾರೋ ಮಾತಾಡ್ತಿದಾರಲ್ಲ’ ಎಂದರೆ ಅದು ಆಪ್ತವಾಕ್ಯ, ಅಂದರೆ ಶಬ್ದಪ್ರಮಾಣ.

ಧ್ವನಿ ಸಿಕ್ಕಿತು, ಆದರೆ ತುಟಿ ಈಗ ಅಲ್ಲಾಡಿ ಮಾತು ಆಮೇಲೆ ಬರುತ್ತಿದೆ ಎನ್ನುವವರು ಉಂಟು. ಮೊಬೈಲ್ ರೆಕಾರ್ಡರುಗಳು ಫ್ರೇಮ್ ದರವನ್ನು ಏರಿಳಿಸುತ್ತ ಬರೆಯುವುದರಿಂದ ಹೀಗಾಗುತ್ತದೆ. ಇದು ಅಭಾವವಲ್ಲ, ಭಾವದ ವಿಳಂಬ. ಈ ಗ್ರಂಥದ ವ್ಯಾಪ್ತಿಗೆ ಬಾರದು. ಅಂಥವರು ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ಫ್ರೇಮ್ ದರ ಆರಿಸಿ ಫೈಲನ್ನು ಇನ್ನೊಮ್ಮೆ ಹಾಯಿಸತಕ್ಕದ್ದು.