ಗಾಳದೊಡನೆ ಒಂದು ಸಂದರ್ಶನ

ನೀಲಗಿರಿಯ ನೆತ್ತಿಯ ಮೇಲೆ, ಉದಕಮಂಡಲದಿಂದಾಚೆ ಶೋಲಾ ಕಾಡುಗಳ ನಡುವೆ ಅಡಗಿರುವ ಸಣ್ಣದೊಂದು ಸರೋವರಕ್ಕೆ ಮೀನು ಹಿಡಿಯಲು ಹೋಗಬೇಕೆಂದು ಮೈಸೂರಿನ ನಮ್ಮ ಮಿತ್ರಮಂಡಲಿಯು ಸಂಕಲ್ಪಿಸಿ, ಆ ಸಂಕಲ್ಪವನ್ನು ಸಭೆಯಿಂದ ಸಭೆಗೆ ಮುಂದೂಡುತ್ತ ಬಂದಿರುವಲ್ಲಿ, ಎಲ್ಲ ಸಭೆಗಳಿಗೂ ತಪ್ಪದೆ ಹಾಜರಾಗಿ, ಬಿಸ್ಕತ್ತಿನ ಹಳೆಯ ಡಬ್ಬಿಯೊಳಗೆ ಕುಳಿತು ಮೌನವಾಗಿ ಎಲ್ಲವನ್ನೂ ಆಲಿಸಿದ ಗಾಳದ ಅಭಿಪ್ರಾಯವನ್ನೂ ಕೇಳುವುದು ನ್ಯಾಯವೆಂದು ನನಗೆ ತೋರಿತು. ಮುಚ್ಚಳ ತೆರೆದೊಡನೆ ಅದು ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದರಿಂದ ಸಂದರ್ಶನವು ಸಾವಧಾನವಾಗಿಯೇ ನಡೆಯಿತು.

ಪ್ರಶ್ನೆ: ಪ್ರಯಾಣದ ಸಿದ್ಧತೆ ಎಲ್ಲಿಗೆ ಬಂದಿದೆಯೆಂದು ತಾವು ಭಾವಿಸುತ್ತೀರಿ?

ಗಾಳ: ಊಟದ ಬುಟ್ಟಿಯವರೆಗೆ ಬಂದಿದೆ, ಸ್ವಾಮಿ. ಕಾಫಿಯು ಗುಂಡ್ಲುಪೇಟೆಯಲ್ಲೋ ಬಂಡೀಪುರ ದಾಟಿದ ಮೇಲೋ ಎಂಬುದು ಒಂದು ಇಡೀ ಸಾಯಂಕಾಲವನ್ನು ನುಂಗಿತು. ಎಣ್ಣೆ ಎಷ್ಟು ಬಿಟ್ಟರೆ ಪುಳಿಯೋಗರೆ ಎರಡು ದಿನ ಕೆಡದೆಂಬುದು ಇನ್ನೊಂದನ್ನು. ಮೀನಿನ ಪ್ರಸ್ತಾಪವನ್ನು ಒಬ್ಬರು ಎತ್ತಿದರು; ಮಂಡಲಿಯಲ್ಲಿ ಅರ್ಧ ಜನ ಸಸ್ಯಾಹಾರಿಗಳೆಂದು ಅಧ್ಯಕ್ಷರು ಜ್ಞಾಪಿಸಲಾಗಿ, ಕ್ಷಮೆ ಕೇಳಿ ಕುಳಿತರು.

ಪ್ರಶ್ನೆ: ಪೂರ್ವಿಕರು ಇದಕ್ಕಿಂತ ಚೆನ್ನಾಗಿ ಯೋಜಿಸುತ್ತಿದ್ದರೆ?

ಗಾಳ: ನಿಮ್ಮ ನಾಡಿನ ದೊರೆಯೇ ಬರೆದಿಟ್ಟಿದ್ದಾನಲ್ಲ! ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಯಾವ ಮೀನು ಎಂಥದು, ಯಾವುದಕ್ಕೆ ಯಾವ ಆಹಾರ ರುಚಿ, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂದು ವಿವರಿಸುವ ಆ ಪ್ರಭುವು, ನನ್ನನ್ನು ನೀರಿಗಿಳಿಸುವ ಮುನ್ನ ಆಯಾ ಮೀನಿಗೆ ಒಪ್ಪುವ ಮೇವನ್ನು ಹಾಕಿ ಅವನ್ನು ಆ ಸ್ಥಳಕ್ಕೆ ಬರಮಾಡಿಕೊಳ್ಳುವ ವಿಧಾನವನ್ನೂ ಹೇಳಿದ್ದಾನೆ. ಆತನ ಏರ್ಪಾಡು ಮೀನಿನ ಹೊಟ್ಟೆಯಿಂದ ಮೊದಲಾಗುತ್ತಿತ್ತು. ನಿಮ್ಮದು ಇನ್ನೂ ನಿಮ್ಮ ಹೊಟ್ಟೆಯನ್ನೇ ದಾಟಿಲ್ಲ.

ಪ್ರಶ್ನೆ: ನಾವು ಕಾಣಹೋಗುವ ಟ್ರೌಟ್ ಎಂಬುದರ ಸ್ವಭಾವ?

ಗಾಳ: ಅದೂ ಹೊರಗಿನಿಂದ ಬಂದದ್ದೇ. 1863ರಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು ಅದನ್ನು ಈ ಬೆಟ್ಟಗಳಿಗೆ ತರಲು ಯತ್ನಿಸಿ ವಿಫಲನಾದನು, 1907ರಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚೆಯಲ್ಲಿ ಮೊಟ್ಟೆಯೊಡೆಸಿ ಮರಿ ಸಾಕುವ ಕೇಂದ್ರವನ್ನು ತೆರೆದ ಕಾಲಕ್ಕೆ ಅದು ಇಲ್ಲಿ ನೆಲೆಯೂರಿತು. ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುವುದರಿಂದ ಅದಕ್ಕೆ ಬೆಟ್ಟದ ನೀರೇ ಒಗ್ಗುತ್ತದೆ. ದಡದ ಮೇಲೆ ನೀವು ಎಷ್ಟೇ ಹರಟಿದರೂ ಆ ಧ್ವನಿ ನೀರಿಗೆ ಅಷ್ಟಾಗಿ ಇಳಿಯದು. ಆದರೆ ನಿಮ್ಮ ಅಧ್ಯಕ್ಷರಂಥ ಸ್ಥೂಲಕಾಯರು ಒಮ್ಮೆ ಧಪ್ಪನೆ ಕಾಲಿಟ್ಟರೆ ಸಾಕು, ಆ ಕಂಪನವು ನೆಲದಿಂದ ನೀರಿಗೆ ಹರಿದು, ಮೀನಿನ ಪಕ್ಕೆಯುದ್ದಕ್ಕೂ ಇರುವ ಸೂಕ್ಷ್ಮವಾದ ಇಂದ್ರಿಯರೇಖೆಯನ್ನು ಮುಟ್ಟುತ್ತದೆ. ಆಮೇಲೆ ನನಗೆ ಕೆಲಸವಿಲ್ಲ.

ಪ್ರಶ್ನೆ: ಗಾಳ ಹಾಕಲು ಪ್ರಶಸ್ತವಾದ ವೇಳೆ?

ಗಾಳ: ಮುಂಜಾವು, ಇಲ್ಲವೆ ಹೊತ್ತು ಇಳಿಯುವಾಗ ನೊಣಗಳು ನೀರಿನ ಮೇಲೆ ಆಡುವ ಸಮಯ. ಮುಂಜಾವಿಗೆ ನಿಮ್ಮಲ್ಲಿ ಯಾರೂ ಏಳುವವರಲ್ಲ. ಸಂಜೆಯೆಂದರೆ, ನೀವು ಗೊತ್ತುಮಾಡಿರುವುದು ಭಾನುವಾರ. ಅಂದು 4-30ರಿಂದ 6ರವರೆಗೆ ರಾಹುಕಾಲವೆಂದು ಕಾರ್ಯದರ್ಶಿಗಳು ಪಂಚಾಂಗವನ್ನೇ ತಂದು ತೋರಿಸಿದರು. ಮೀನಿಗೆ ಪಂಚಾಂಗ ತಿಳಿಯದೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಪ್ರಶ್ನೆ: ಎರೆಹುಳುವಿನ ವ್ಯವಸ್ಥೆಯಾದರೂ ಆಗಿದೆಯೆ?

ಗಾಳ: ತೆಂಗಿನ ಬುಡದಲ್ಲಿ ಅಗೆಯಬೇಕೆಂಬಲ್ಲಿ ಎಲ್ಲರದೂ ಒಮ್ಮತ, ಯಾರು ಅಗೆಯಬೇಕೆಂಬುದನ್ನು ನಿರ್ಣಯಿಸಲು ಉಪಸಮಿತಿ ನೇಮಕವಾಗಿದೆ. ಅದರ ಪ್ರಥಮ ಸಭೆಗೆ ಖಾರಾಭಾತು, ಕೇಸರಿಭಾತು ಎಂದು ನಿನ್ನೆಯೇ ತೀರ್ಮಾನವಾಯಿತು.